ನೀಲಗಂಗವ್ವ ಕೋವಿ ಎಸೆದ ಕಥೆ

ಬಹಳ ಹಿಂದೆ, ಆಟದ ಆಕಾಶ ಇನ್ನೂ ಹೊಸದಾಗಿದ್ದಾಗ, ಹೊಸಕಟ್ಟೆ ಎಂಬ ಒಂದು ಊರಿತ್ತು. ಊರು ಅಂದರೆ ಮಣ್ಣಿನ ಮೇಲಿನ ಊರಲ್ಲ. ನಾವೀಗ ಕೂತಿದ್ದೇವಲ್ಲ, ನಕ್ಷತ್ರಗಳ ನಡುವೆ ತೇಲುವ ಇದೇ ನಿಲ್ದಾಣ. ಕಂಪ್ಯೂಟರ್ ಹಚ್ಚಿ ಆಟದೊಳಗೆ ಬಂದರೆ ಊರು ಇರುತ್ತಿತ್ತು, ಆರಿಸಿದರೆ ಇರುತ್ತಿರಲಿಲ್ಲ. ಆದರೆ ಇಲ್ಲಿಗೆ ಬರುವವರ ಮಾತು ನಿಜ, ನಗು ನಿಜ, ಜಗಳ ಅಂತೂ ನೂರಕ್ಕೆ ನೂರು ನಿಜ. ಬೀದರಿನವರೊಬ್ಬರು, ಕುಂದಾಪುರದವರೊಬ್ಬರು, ಮಸ್ಕತ್ತಿನಲ್ಲಿ ಕ್ರೇನ್ ಓಡಿಸುವವರೊಬ್ಬರು, ಸಂಜೆ ಆಗುತ್ತಿದ್ದ ಹಾಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬಂದುಬಿಡುತ್ತಿದ್ದರು. ಸರಕು ಹೊತ್ತು ಊರೂರು ಸುತ್ತುವುದು, ದಾರಿಯಲ್ಲಿ ದರೋಡೆಕೋರರು ಸಿಕ್ಕರೆ ಹೊಡೆದಾಡುವುದು, ತಿರುಗಿ ಬಂದು ಕಟ್ಟೆಯ ಮೇಲೆ ಕೂತು ಹರಟುವುದು. ಆಗಲೂ ಆಟ ಇಷ್ಟೇ, ಈಗಲೂ ಇಷ್ಟೇ.

ಆ ಊರಲ್ಲಿ ನೀಲಗಂಗವ್ವ ಅಂತ ಒಬ್ಬಳಿದ್ದಳಂತೆ.

ನಾನು ಅವಳನ್ನು ಕಂಡವನಲ್ಲ. ಕಂಡವರ ಬಾಯಿಂದ ಕೇಳಿದವರು ನನಗೆ ಹೇಳಿದ್ದನ್ನು ನಿಮಗೆ ಹೇಳುತ್ತಿದ್ದೇನೆ. ಕಂಡವರು ಒಂದು ಥರ ಹೇಳುತ್ತಾರೆ, ಕಾಣದವರು ಇನ್ನೂ ಚೆನ್ನಾಗಿ ಹೇಳುತ್ತಾರೆ. ನಿಮ್ಮ ಹಡಗುಗಳಿಗೆ ಇಂಧನ ತುಂಬಿ ಮುಗಿಯುವವರೆಗೆ ಹೊತ್ತಿದೆಯಲ್ಲ, ಕೇಳಿ.

ಅವಳು ರಾಣೆಬೆನ್ನೂರಿನವಳು ಅನ್ನುತ್ತಾರೆ. ಅಲ್ಲ, ಗದಗಿನವಳು ಅಂತ ಗದಗಿನವರು ಅನ್ನುತ್ತಾರೆ. ಯಾವ ಊರಾದರೂ ಆಗಲಿ, ಇಪ್ಪತ್ತೆಂಟು ವರ್ಷ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯ ಅಂಗಳದಲ್ಲಿ ನಿಂತು ಲಾರಿಗಳಿಗೆ ಸರಕು ಹೇರಿಸಿದವಳು. ಯಾವ ಚೀಲ ಕೆಳಗೆ, ಯಾವ ಪೆಟ್ಟಿಗೆ ಮೇಲೆ, ಹಗ್ಗ ಎಲ್ಲಿ ಬಿಗಿಯಬೇಕು, ಅವಳು ಬೆರಳು ತೋರಿಸಿದ ಮೇಲೆ ಹಮಾಲರು ಎದುರು ಮಾತಾಡುತ್ತಿರಲಿಲ್ಲ. ಒಂದು ದಿನ ಮೆಣಸಿನಕಾಯಿ ಚೀಲಗಳ ಒಂದು ಸಾಲೇ ಜಾರಿ ಮೊಣಕಾಲಿನ ಮೇಲೆ ಬಿತ್ತು. ಅಲ್ಲಿಗೆ ಅಂಗಳದ ಋಣ ಮುಗಿಯಿತು. ಎರಡನೇ ಅಂತಸ್ತಿನ ಮನೆ, ಇಳಿಯಲು ಹತ್ತೊಂಬತ್ತು ಮೆಟ್ಟಿಲು, ಅವಳ ಕಾಲು ಎರಡಕ್ಕೇ ಬೇಡ ಅನ್ನುತ್ತಿತ್ತು. ಮನೆಯಲ್ಲಿ ಜನ ಇದ್ದರು, ಪ್ರೀತಿಯೂ ಇತ್ತು. ಆದರೆ ದಿನಕ್ಕೆ ನೂರು ಜನರ ಜೊತೆ ಬಾಯಿ ಮಾಡಿದವಳಿಗೆ ಮೂರು ಜನರ ಮಾತು ಎಲ್ಲಿ ಸಾಲಬೇಕು? ನಾದಿನಿಯ ಮಗಳು ಬೇಜಾರು ಕಳೆಯಲಿ ಅಂತ ಈ ಆಟ ಹಚ್ಚಿಕೊಟ್ಟಳಂತೆ. ಮೊದಲ ದಿನ ಹೊಸಕಟ್ಟೆಗೆ ಬಂದು ಹಡಗು ನಿಲ್ಲಿಸಿ, ಸುತ್ತ ಇಪ್ಪತ್ತು ಜನ ಒಟ್ಟಿಗೆ ಗದ್ದಲ ಹಾಕುವುದನ್ನು ಕೇಳಿ, ಅವಳು ಹೆಡ್‌ಫೋನ್ ಒಳಗೇ ಅತ್ತುಬಿಟ್ಟಳು ಅನ್ನುತ್ತಾರೆ. ಅವಳಿಗೆ ಮತ್ತೆ ಅಂಗಳ ಸಿಕ್ಕಿತ್ತು.

ಈಗ ಹಡಗಿನ ಮಾತಿಗೆ ಬರೋಣ. ಹೊಸಬರಿಗೆ ಆಟ ಪುಕ್ಕಟೆ ಕೊಡುವ ಹಡಗಿಗೆ ಆಗಲೂ ಚಿಪ್ಪು ಅಂತಲೇ ಹೆಸರು. ಏಳು ಖಾನೆಗಳ ಪುಟ್ಟ ಹಡಗು. ಎಂಜಿನ್ನಿಗೆ ಒಂದು ಖಾನೆ, ನಕ್ಷತ್ರದಿಂದ ನಕ್ಷತ್ರಕ್ಕೆ ನೆಗೆಯುವ ಯಂತ್ರಕ್ಕೆ ಒಂದು, ಸರಕಿನ ಕಣಜಕ್ಕೆ ಒಂದು, ಕವಚಕ್ಕೆ ಒಂದು, ದೂರದ ಹಡಗುಗಳನ್ನು ಕಾಣುವ ಕಣ್ಣಿಗೆ ಒಂದು, ಮುಂದಕ್ಕೂ ಹಿಂದಕ್ಕೂ ಕೋವಿಗೆ ಒಂದೊಂದು. ಯಾವುದನ್ನು ಮೊದಲು ಬಲಪಡಿಸಬೇಕು, ಯಾವುದನ್ನು ಆಮೇಲೆ? ಹೊಸಬರ ಹಣೆಬರಹ ಅಲ್ಲೇ ತೀರ್ಮಾನವಾಗುತ್ತಿತ್ತು. ನೀವು ಮೊದಲು ಏನು ಹಾಕಿಸಿದಿರಿ? ಹೇಳಬೇಡಿ, ನಿಮ್ಮ ಮುಖ ಕಾಣದಿದ್ದರೂ ಗೊತ್ತಾಗುತ್ತದೆ. ಕೋವಿ! ಆಗಿನವರೂ ಕೋವಿಯನ್ನೇ ಹಾಕಿಸಿದರು.

ಹಾಗೆ ಕೋವಿಯ ಹುಚ್ಚಿನವರಲ್ಲಿ ಮೊದಲನೆಯವನು ಹರಿಹರದ ದಾದಾಪೀರ. ಹಗಲು ಬಸ್ಸುಗಳ ಗೇರುಪೆಟ್ಟಿಗೆ ಬಿಚ್ಚುವವನು, ಸಂಜೆ ಇಲ್ಲಿ ಹುಲಿ. ಮೂರು ತಿಂಗಳು ಉಪ್ಪು ಹೊತ್ತು, ಬಂದ ಗಳಿಕೆಯನ್ನೆಲ್ಲ ಸುರಿದು, ತನ್ನ ಚಿಪ್ಪಿಗೆ ಒಂದು ತೋಪು ಹಾಕಿಸಿದ. ತೋಪು ಚಿಪ್ಪಿಗಿಂತ ಉದ್ದ ಇತ್ತು ಅನ್ನುತ್ತಾರೆ, ಅದು ಸುಳ್ಳಿರಬೇಕು. ಮೊದಲ ದಿನವೇ ಕಾಳಗಕ್ಕೆ ಹೋದ. ಒಂದು ಸಲ ಸಿಡಿಸಿದ, ಸೊಗಸು. ಎರಡು ಸಲ ಸಿಡಿಸಿದ, ಇನ್ನೂ ಸೊಗಸು. ಮೂರನೇ ಸಲಕ್ಕೆ ಎಂಜಿನ್ನಿನ ಕಸುವೆಲ್ಲ ತೋಪೇ ಕುಡಿದುಬಿಟ್ಟಿತು, ಹಡಗಿನ ದೀಪ ಆರಿ ಕತ್ತಲು. ಅವನನ್ನು ಹಗ್ಗ ಕಟ್ಟಿ ಊರಿಗೆ ಎಳೆದು ತಂದವಳು ನೀಲಗಂಗವ್ವ. ದಾರಿಯುದ್ದಕ್ಕೂ ಬೈದಳಂತೆ. ಅವತ್ತಿನಿಂದ ಅವನು ಅವಳನ್ನು ಯವ್ವಾ ಅಂತಲೇ ಕರೆದ.

ಅವಳ ಲೆಕ್ಕಾಚಾರ ಬೇರೆಯೇ ಇತ್ತು. ಅವಳ ಮುಂದೆ ಮೇಜಿನ ಮೇಲೆ ಒಂದು ಅಳಗುಳಿಮಣೆ, ಒಂದು ಬಟ್ಟಲು ಹುಣಿಸೆಬೀಜ. ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಮೇಲಿನ ಸಾಲಿನ ಏಳು ಗುಳಿ ಹಡಗಿನ ಏಳು ಖಾನೆ. ಕೆಳಗಿನ ಸಾಲಿನ ಏಳು ಗುಳಿ ಮುಂದಿನ ಏಳು ದಿನ. ಒಂದು ಬೀಜ ಅಂದರೆ ಒಂದು ತೂಕ. ಹೊಸದಾಗಿ ಏನು ಹಾಕಿಸುವುದಿದ್ದರೂ ಮೊದಲು ಮಣೆಯ ಮೇಲೆ ಹಾಕಿ ನೋಡುತ್ತಿದ್ದಳು. ಮೈಕಿನಲ್ಲಿ ಎಲ್ಲರಿಗೂ ಆ ಸದ್ದು ಕೇಳುತ್ತಿತ್ತು, ಟಕ್, ಟಕ್, ಟಕ್. ಬೀಜ ಬೀಳುವಾಗ ಕಟ್ಟೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆಮೇಲಾಮೇಲೆ ಎಲ್ಲರ ಮನೆಯಲ್ಲೂ ಮಣೆ ಬಂತು. ಮಣೆ ಸಿಗದ ದಾದಾಪೀರ ಹೆಂಡತಿಯ ಇಡ್ಲಿ ತಟ್ಟೆ ಎತ್ತಿಕೊಂಡು ಬಂದ, ಮನೆಯಲ್ಲಿ ಎರಡು ಭಾನುವಾರ ಇಡ್ಲಿ ಇಲ್ಲ.

ಅವಳ ಕಿವಿಯ ಬಗ್ಗೆ ಹೇಳುವುದೇ ಬೇಡ. ನೆಗೆಯುವ ಮುನ್ನ ಎಂಜಿನ್ನು ಗುರುಗುಟ್ಟುತ್ತದಲ್ಲ, ಆ ಸದ್ದು ಕೇಳಿಯೇ ಹಡಗಿನ ತೂಕ ಹೇಳುತ್ತಿದ್ದಳು. ಒಮ್ಮೆ ಯಾರೋ ಕಣಜದ ಮೂಲೆಯಲ್ಲಿ ಒಂದು ಪೆಟ್ಟಿಗೆ ಮರೆತು ಬಂದಿದ್ದರು, ಆ ತುದಿಯಿಂದ ಈ ತುದಿಗೆ ಕೇಳಿ ಕಂಡುಹಿಡಿದಳು. ಸಡಿಲವಾದ ಒಂದು ತಿರುಪನ್ನೂ ಕಂಡುಹಿಡಿದಳು ಅನ್ನುತ್ತಾರೆ. ಕಂಡವರು ಪೆಟ್ಟಿಗೆ ಅನ್ನುತ್ತಾರೆ, ಕಾಣದವರು ತಿರುಪು ಅನ್ನುತ್ತಾರೆ.

ಹೀಗಿರುವಾಗ ಒಂದು ಭಾನುವಾರ ಆಟ ನಡೆಸುವವರು ಡಂಗುರ ಹೊಡೆಸಿದರು. ಗಡಿಯ ಊರುಗಳ ಒಲೆ ಆರುತ್ತಿದೆ, ಮುಂದಿನ ಭಾನುವಾರ ಸಂಜೆ ಆರು ಗಂಟೆಯೊಳಗೆ ನೂರು ಹೊರೆ ಉರಿಗಲ್ಲು ತಂದು ಒಪ್ಪಿಸಿದ ಊರು ಉಳಿಯುತ್ತದೆ, ಒಪ್ಪಿಸದ ಊರು ಅಳಿಸಿಹೋಗುತ್ತದೆ. ಅಳಿಸಿಹೋಗುವುದು ಅಂದರೆ ಹೇಗೆ? ಮಾರನೆಯ ದಿನ ಆಟ ಹಚ್ಚಿದರೆ ಹೊಸಕಟ್ಟೆ ಇರುವುದಿಲ್ಲ. ಒಬ್ಬೊಬ್ಬರನ್ನೂ ಒಂದೊಂದು ದೂರದ ಊರಿಗೆ ಹಂಚಿಬಿಡುತ್ತಾರೆ. ಇವರ ಧ್ವನಿ ಅವರಿಗೆ ಕೇಳುವುದಿಲ್ಲ.

ಎಲ್ಲರಿಗೂ ಸಂಕಟವೇ, ಆದರೆ ನೀಲಗಂಗವ್ವನಿಗೆ ಎಲ್ಲರಿಗಿಂತ ಹೆಚ್ಚು. ಉಳಿದವರಿಗೆ ಹೊರಗೆ ಬೀದಿ ಇತ್ತು, ಅಂಗಡಿ ಇತ್ತು, ಚಹಾದ ಗೂಡು ಇತ್ತು. ಅವಳಿಗೆ ಇದ್ದದ್ದು ಹತ್ತೊಂಬತ್ತು ಮೆಟ್ಟಿಲು ಮತ್ತು ಈ ಕಟ್ಟೆ. ಒಂದು ಅಂಗಳ ಆಗಲೇ ಕಳೆದುಕೊಂಡಿದ್ದಳು. ಇನ್ನೊಂದನ್ನೂ ಕಳೆದುಕೊಂಡರೆ ತಾನು ಬದುಕಿದ್ದೂ ಇಲ್ಲದ ಹಾಗೆ ಅಂತ ಅವಳಿಗೆ ಅನ್ನಿಸಿತು. ಹಾಗೆಂದು ಯಾರಿಗೂ ಹೇಳಲಿಲ್ಲ. ಬಟ್ಟಲಿನಿಂದ ಬೀಜ ತೆಗೆದಳು.

ಊರಲ್ಲಿ ಆಗ ಇದ್ದದ್ದು ಇಪ್ಪತ್ತೈದು ಜನ, ಇಪ್ಪತ್ತೈದೂ ಚಿಪ್ಪುಗಳೇ. ಉರಿಗಲ್ಲು ಸಿಗುವುದು ಬೋಳುಗುಡ್ಡ ಎಂಬ ಚಂದ್ರನಲ್ಲಿ. ಅಲ್ಲಿಯ ಕಟ್ಟಳೆ ಏನೆಂದರೆ ಒಂದು ಹಡಗಿಗೆ ಒಂದೇ ಸಲ ಕಲ್ಲು ಕೊಡುತ್ತಾರೆ. ಇಪ್ಪತ್ತೈದು ಹಡಗು ತಲಾ ನಾಲ್ಕು ಹೊರೆ ತಂದರೆ ನೂರು. ಒಂದು ಹಡಗು ತಪ್ಪಿದರೂ, ಒಂದು ಹೊರೆ ಕಡಿಮೆಯಾದರೂ ಊರು ಹೋಯಿತು. ಇನ್ನು ದಾರಿ. ಬೋಳುಗುಡ್ಡಕ್ಕೂ ಹೊಸಕಟ್ಟೆಗೂ ನಡುವೆ ನಿದ್ದೆಬಾವಿ ಅಂತ ಒಂದು ನಿಶ್ಶಬ್ದ ನಕ್ಷತ್ರ. ಗುಡ್ಡದಿಂದ ಬಾವಿಗೆ ಒಂದು ನೆಗೆತ, ಬಾವಿಯಿಂದ ಊರಿಗೆ ಇನ್ನೊಂದು. ನೆಗೆತ ಗಿಡ್ಡವಾಗಿ ಬಾವಿ ತಲುಪದಿದ್ದರೆ ಬೀಳುವುದು ಕತ್ತರಿದಾರಿಯಲ್ಲಿ. ಅಲ್ಲಿ ಮುಳ್ಳುಹಂದಿಯ ದಂಡು ಕಾದು ಕೂತಿರುತ್ತಿತ್ತು. ಮುಳ್ಳುಹಂದಿ ಅಂದರೆ ಆ ಕಾಲದ ದರೋಡೆಕೋರರ ಯಜಮಾನ. ಅವನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ, ಕೆಮ್ಮು ಮಾತ್ರ ಎಲ್ಲರಿಗೂ ಗೊತ್ತು. ಅವನ ಹನ್ನೊಂದು ಹಡಗುಗಳಿಗೂ ಬಾಚುವ ಕೈ ಹಾಕಿಸಿದ್ದ. ಆಕಾಶದಲ್ಲಿ ಏನು ತೇಲಿದರೂ ಆ ಕೈಗಳು ತಾವಾಗಿಯೇ ಬಾಚಿ ಕಣಜಕ್ಕೆ ತುಂಬುತ್ತಿದ್ದವು.

ಕಟ್ಟೆಯಲ್ಲಿ ಒಬ್ಬರು ಕವಚ ಮೊದಲು ಅಂದರು. ಇನ್ನೊಬ್ಬರು ಕಣಜ ಮೊದಲು ಅಂದರು. ದಾದಾಪೀರ ಅಂತೂ ಎಲ್ಲರಿಗೂ ತೋಪು ಹಾಕಿಸಿ ಮುಳ್ಳುಹಂದಿಯನ್ನೇ ಮುಗಿಸಿಬಿಡೋಣ ಅಂದ. ನೀಲಗಂಗವ್ವ ಎಲ್ಲರೂ ಕಿರುಚಿ ಸುಸ್ತಾಗುವವರೆಗೆ ಕಾದಳು. ಆಮೇಲೆ ಟಕ್ ಅಂತ ಬೀಜ ಬಿತ್ತು.

ಅವಳು ಹೇಳಿದ್ದು ಇದು. ಮೊದಲನೇ ದಿನ ನೆಗೆಯುವ ಯಂತ್ರ. ಯಾಕೆಂದರೆ ನೆಗೆತ ಉದ್ದವಾದರೆ ಈಗ ನಾಲ್ಕು ನೆಗೆತದಲ್ಲಿ ಉಪ್ಪು ತರುವ ಕಡೆಯಿಂದ ಎರಡೇ ನೆಗೆತದಲ್ಲಿ ತರಬಹುದು, ಉಳಿದ ಗಳಿಕೆ ತಾನಾಗಿ ಅರ್ಧ ಹೊತ್ತಿನಲ್ಲಿ ಬರುತ್ತದೆ. ಎರಡು, ಮೂರನೇ ದಿನ ಕಣಜ, ನಾಲ್ಕು ಹೊರೆ ಹಿಡಿಯುವಂಥದು. ನಾಲ್ಕು, ಐದನೇ ದಿನ ಕವಚ. ಆರನೇ ದಿನ ಕಣ್ಣು. ಏಳನೇ ದಿನ ಏನೂ ಇಲ್ಲ, ಬರೀ ಪರೀಕ್ಷೆ. ಕೋವಿ? ಇದ್ದವರು ಬಿಚ್ಚಿ ಉಗ್ರಾಣದಲ್ಲಿಡಬೇಕು. ಎಂಜಿನ್ನಿಗೆ ಎರಡು ಬೀಜ, ಯಂತ್ರಕ್ಕೆ ಮೂರು, ಕವಚಕ್ಕೆ ಎರಡು, ಕಣ್ಣಿಗೆ ಒಂದು, ಕಲ್ಲು ತುಂಬಿದ ಕಣಜಕ್ಕೆ ನಾಲ್ಕು. ಒಟ್ಟು ಹನ್ನೆರಡು. ಹನ್ನೆರಡು ಬೀಜಕ್ಕೆ ನಿದ್ದೆಬಾವಿಯವರೆಗೆ ಸರಿಯಾಗಿ ಒಂದು ನೆಗೆತ. ಹದಿಮೂರನೆಯದಕ್ಕೆ ಜಾಗ ಇಲ್ಲ.

“ಕೋವಿ ಇಲ್ಲದ ಹೋದ್ರ ನಮ್ಮನ್ನ ಕುರಿ ಕಡಿದ್ಹಂಗ ಕಡೀತಾರಲ್ಲ ಯವ್ವಾ!” ಅಂದ ದಾದಾಪೀರ.

“ಅವರ ಕೈಗೆ ಸಿಕ್ಕರ ತಾನ ಕಡಿಯೂದು. ನಾವು ಹೊಡದಾಡಾಕ ಹೊಂಟಿಲ್ಲೋ ತಮ್ಮಾ, ಹೇರಾಕ ಹೊಂಟೀವಿ,” ಅಂದಳು ಅವಳು.

ಆ ವಾರ ಹೊಸಕಟ್ಟೆ ಹೇಗಿತ್ತು ಅಂತೀರಿ! ಮದುವೆಮನೆಯಲ್ಲೂ ಅಷ್ಟು ಓಡಾಟ ಇರುವುದಿಲ್ಲ. ಒಬ್ಬರು ಬಂದರು, ಇಬ್ಬರು ಹೋದರು, ಉಪ್ಪು ಇಳಿಯಿತು, ತಾಮ್ರ ಏರಿತು. ಎರಡನೇ ದಿನಕ್ಕೇ ಎಲ್ಲರ ನೆಗೆತ ಉದ್ದವಾಗಿತ್ತು, ಮೂರನೇ ದಿನಕ್ಕೆ ಅವಳು ಹೇಳಿದ್ದಕ್ಕಿಂತ ಅರ್ಧ ದಿನ ಮುಂದಿದ್ದರು. ಮೊದಲು ಮೂಗು ಮುರಿದವರು ಈಗ ಬೀಜ ಎಣಿಸುತ್ತ ಕುಣಿದರು. ಕುಂದಾಪುರದ ವಾರಿಜ ಅಂತ ಒಬ್ಬಳು ನರ್ಸು, ಎಲ್ಲಕ್ಕಿಂತ ದೂರ ಕಾಣುವ ಕಣ್ಣು ಅವಳದು, ಪಾಳಿ ಮುಗಿಸಿ ಬಂದು ಕೈಯಲ್ಲಿ ತಟ್ಟೆ ಹಿಡಿದೇ ಹಡಗು ಓಡಿಸಿದಳಂತೆ. ಮಸ್ಕತ್ತಿನವನು ರಜೆ ಹಾಕಿದ. ಯಾರು ಏನು ಮುಗಿಸಿದರೂ ಕಟ್ಟೆಯಲ್ಲಿ ಕೇಕೆ. ನೀಲಗಂಗವ್ವ ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಕಟ್ಟಿಕೊಂಡು ಕೂತಲ್ಲೇ ಇಪ್ಪತ್ತೈದು ಹಡಗುಗಳ ಹೆಸರು ಹಿಡಿದು ಕೂಗುತ್ತಿದ್ದಳು. ಹತ್ತು ವರ್ಷ ಚಿಕ್ಕವಳಾಗಿದ್ದಳು ಅನ್ನುತ್ತಾರೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಹೊರಟರು. ಹೊಸಕಟ್ಟೆಯಿಂದ ನಿದ್ದೆಬಾವಿಗೆ ಒಂದು ನೆಗೆತ, ಹಕ್ಕಿ ಹಾರಿದಂತೆ. ಬಾವಿಯಿಂದ ಬೋಳುಗುಡ್ಡಕ್ಕೆ ಇನ್ನೊಂದು. ಮುಳ್ಳುಹಂದಿಯ ಸುಳಿವಿಲ್ಲ. ಎಲ್ಲರೂ ಹಾಡಿಕೊಂಡು ಹೋದರು. ಗುಡ್ಡದಲ್ಲಿ ಸಾಲು ನಿಂತು ಕಲ್ಲು ತುಂಬಿಸಿಕೊಂಡರು, ತಲಾ ನಾಲ್ಕು ಹೊರೆ. ಇಪ್ಪತ್ತೈದನೇ ಹಡಗು ತುಂಬುವಾಗ ಗಂಟೆ ಐದೂಕಾಲು.

ನೆಗೆತಕ್ಕೆ ಎಂಜಿನ್ನು ಕಾಯಿಸಿದರು. ಅವರವರ ಪರದೆಯ ಮೇಲೆ ಅವರವರ ನೆಗೆತದ ಗೆರೆ ಎದ್ದಿತು, ಗುಡ್ಡದಿಂದ ಹೊರಟಿತು, ಬಾವಿಯ ಕಡೆ ಹೋಯಿತು, ಹೋಯಿತು, ಬಾವಿಗೆ ಒಂದು ಬೆರಳು ಹಿಂದೆ ನಿಂತುಬಿಟ್ಟಿತು.

ಒಬ್ಬರದಲ್ಲ. ಇಪ್ಪತ್ತೈದು ಜನರದೂ.

ಗೆರೆ ನಿಂತ ಜಾಗ ಕತ್ತರಿದಾರಿ.

ಯಾರೂ ಮಾತಾಡಲಿಲ್ಲ. ಯಾಕೆ ಮಾತಾಡಲಿಲ್ಲ ಗೊತ್ತೆ? ಯಾಕೆ ಹೀಗಾಯಿತು ಅಂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ತನ್ನೊಬ್ಬನದೇ ತಪ್ಪು ಅಂತ ಪ್ರತಿಯೊಬ್ಬನೂ ತಿಳಿದಿದ್ದ. ಏಳನೇ ದಿನ, ಪರೀಕ್ಷೆ ಎಲ್ಲ ಮುಗಿದ ಮೇಲೆ, ಒಬ್ಬೊಬ್ಬರೇ ಸದ್ದಿಲ್ಲದೆ ಉಗ್ರಾಣಕ್ಕೆ ಹೋಗಿದ್ದರು. ಕೋವಿಯಿಲ್ಲದ ಹಡಗು, ಮೈಮೇಲೆ ಅಂಗಿಯಿಲ್ಲದ ಹಾಗೆ. ಒಂದೇ ಒಂದು ಚಿಕ್ಕ ಕೋವಿ, ಇಷ್ಟಕ್ಕೆ ಏನಾದೀತು? ಹೋಗುವಾಗ ಕಣಜ ಖಾಲಿ, ಬೀಜ ಒಂಬತ್ತೇ, ಹಡಗು ಹಾರಿತು, ಯಾರಿಗೂ ಗೊತ್ತಾಗಲಿಲ್ಲ. ತುಂಬಿದ ಮೇಲೆ ಹದಿಮೂರು.

ಅಷ್ಟು ಕಿವಿಯಿದ್ದ ನೀಲಗಂಗವ್ವನಿಗೆ ಹೊರಡುವಾಗಲೇ ಆ ಇಪ್ಪತ್ತನಾಲ್ಕು ಕೋವಿಗಳ ಸದ್ದು ಯಾಕೆ ಕೇಳಲಿಲ್ಲ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅವಳ ಕಿವಿ ಅವತ್ತು ಒಂದೇ ಸದ್ದಿನ ಮೇಲಿತ್ತು, ತನ್ನ ಹಡಗಿನದು. ತನ್ನ ಕೋವಿಯ ತೂಕ ಬೇರೆಯವರಿಗೆ ಕೇಳಿಬಿಟ್ಟರೆ ಏನು ಗತಿ ಅಂತ ಅವಳ ಜೀವ ಪುಕಪುಕ ಅನ್ನುತ್ತಿತ್ತು.

ಹೌದು, ಅವಳೂ ಹಾಕಿಕೊಂಡಿದ್ದಳು.

ಇಪ್ಪತ್ತೆಂಟು ವರ್ಷ ಲಾರಿ ಹೇರಿಸಿದವಳು. ಖಾಲಿ ಗಾಡಿ ಹೇಗೆ ಓಡುತ್ತದೆ, ತುಂಬಿದ ಗಾಡಿ ಹೇಗೆ ಓಡುತ್ತದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲವಳು. ಆದರೂ ಏಳನೇ ದಿನ ಅವಳಿಗೆ ಕಟ್ಟೆ ಅಳಿಸಿಹೋದ ಹಾಗೆ ಕನಸಾಯಿತು, ಎದ್ದವಳೇ ಹೋಗಿ ಹಿಂದಿನ ಖಾನೆಗೆ ಒಂದು ಕೋವಿ ಸಿಕ್ಕಿಸಿದಳು. ಒಂದು ಬೀಜವನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡಳು, ಮಣೆಯ ಮೇಲೆ ಇಡಲಿಲ್ಲ.

ಅಷ್ಟರಲ್ಲಿ ವಾರಿಜ ಕೂಗಿದಳು. ಅವಳ ಕಣ್ಣಿನಲ್ಲಿ ಹನ್ನೊಂದು ಕೆಂಪು ಚುಕ್ಕೆ. ಕತ್ತರಿದಾರಿಯಿಂದ ಎದ್ದು ಗುಡ್ಡದ ಕಡೆಗೇ ಬರುತ್ತಿವೆ. ಇನ್ನು ಹತ್ತು ನಿಮಿಷ.

ಪೀಕಲಾಟ ಅಂದರೆ ಇದು. ಒಂದು ಹೊರೆ ಕಲ್ಲು ಇಳಿಸಿದರೆ ನೆಗೆಯಬಹುದು, ಆದರೆ ತಲಾ ಮೂರರಂತೆ ಎಪ್ಪತ್ತೈದೇ ಹೊರೆ ಆಗುತ್ತದೆ, ಊರು ಉಳಿಯುವುದಿಲ್ಲ. ಬಿಚ್ಚಿಡಲು ಇಲ್ಲಿ ಉಗ್ರಾಣ ಇಲ್ಲ. ನಡು ಆಕಾಶದಲ್ಲಿ ಕೋವಿ ಕಳಚಿದರೆ ತೇಲಿಹೋಗುತ್ತದೆ, ಹೋದದ್ದು ಹೋಯಿತು. ಒಂದೊಂದು ಕೋವಿ ಒಂದೊಂದು ತಿಂಗಳ ದುಡಿಮೆ. ಅದಕ್ಕಿಂತ ದೊಡ್ಡ ಸಂಕಟ ಬೇರೆ. ಕಳಚಬೇಕಾದರೆ ಇತ್ತು ಅಂತ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಊರು ಕೆಡಿಸಿದವನು ಇವನೇ ಅಂತ ಇಪ್ಪತ್ತನಾಲ್ಕು ಜನ ಕೇಳಿಸಿಕೊಳ್ಳುತ್ತಾರೆ. ಎಲ್ಲರೂ ತುಟಿ ಹೊಲಿದುಕೊಂಡು ಕೂತರು. ಒಂದು ನಿಮಿಷ ಹೋಯಿತು. ಎರಡನೇ ನಿಮಿಷವೂ ಹೋಯಿತು.

ನೀಲಗಂಗವ್ವ ಅಂಗೈ ಬಿಡಿಸಿದಳು. ಬೀಜ ಬೆವತಿತ್ತಂತೆ.

ಅವಳಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಈ ಜನ ತನ್ನನ್ನು ನಂಬಿ ಬಂದವರು. ಈಗ ಬಾಯಿ ಬಿಟ್ಟರೆ ನಾಳೆಯಿಂದ ಯಾರು ತನ್ನ ಮಾತು ಕೇಳುತ್ತಾರೆ? ಬಾಯಿ ಬಿಡದಿದ್ದರೆ ನಾಳೆ ಕೇಳುವವರೇ ಇರುವುದಿಲ್ಲ. ಮೈಕು ಹತ್ತಿರ ಎಳೆದುಕೊಂಡಳು.

“ಕೇಳ್ರಿಲ್ಲೆ ಎಲ್ಲಾರೂ,” ಅಂದಳು. “ತಪ್ಪು ನಂದೈತಿ. ನಿಮಗೆಲ್ಲಾ ಬ್ಯಾಡ ಬ್ಯಾಡ ಅಂದು, ನಾನ ಒಂದು ಸಣ್ಣ ಕೋವಿ ಇಟಗೊಂಡು ಬಂದೀನಿ. ಅಂಜಿಕಿ ಆತು, ಇಟಗೊಂಡೆ. ಬೈಯೂದಿದ್ರ ಊರಿಗೆ ಹೋದಮ್ಯಾಲೆ ಬೈರಿ.”

ಅಂದವಳೇ ಗುಂಡಿ ಒತ್ತಿದಳು. ಅವಳ ಚಿಪ್ಪಿನ ಬೆನ್ನಿನಿಂದ ಕೋವಿ ಕಳಚಿ, ಹೊರಳಿ ಹೊರಳಿ ಕತ್ತಲೆಗೆ ಹೋಯಿತು. ಮಣೆಯ ಸದ್ದು ಕೇಳುತ್ತಿದ್ದ ಆ ಕಿವಿಗಳಿಗೆಲ್ಲ ಈಗ ಕೇಳಿದ್ದು ಇಷ್ಟೇ, ಠಣ್.

ಆಮೇಲೆ ವಾರಿಜ, ನನ್ನದೂ ಒಂದಿದೆ ಅಂದಳು. ಠಣ್. ಬೀದರಿನವರು, ನಮ್ಮದೂ ಅಂದರು. ಠಣ್. ಮಸ್ಕತ್ತಿನವನು ಏನೂ ಅನ್ನಲೇ ಇಲ್ಲ, ಠಣ್ ಮಾತ್ರ ಕೇಳಿತು. ಆಮೇಲೆ ತಡೆಯುವವರೇ ಇಲ್ಲ. ನನ್ನದೂ, ನನ್ನದೂ, ಠಣ್, ಠಣ್, ಠಣ್! ಹೇಳುವವರಿಗೆ ಅಳು, ಕೇಳುವವರಿಗೆ ನಗು. ನಾನೊಬ್ಬನೇ ಕಳ್ಳ ಅಂದುಕೊಂಡಿದ್ದೆನಲ್ಲ, ಊರಿಗೂರೇ ಕಳ್ಳರು! ದರೋಡೆಕೋರರು ತಲೆಯ ಮೇಲೆ ಬರುತ್ತಿದ್ದಾರೆ, ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಒಂದೊಂದೇ ಹಡಗಿನ ಗೆರೆ ಉದ್ದವಾಗಿ ನಿದ್ದೆಬಾವಿಗೆ ಮುಟ್ಟಿತು.

ಇಪ್ಪತ್ತನಾಲ್ಕು ಗೆರೆ ಮುಟ್ಟಿದವು. ಒಂದು ಮುಟ್ಟಲಿಲ್ಲ.

“ಯವ್ವಾ,” ಅಂದ ದಾದಾಪೀರ. ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಬೇರೆ ಯಾರೋ ಅಂದುಕೊಂಡರು. “ನಂದು ಸಣ್ಣದಲ್ಲ. ತೋಪ ಬಿಚ್ಚೀನಿ ಅಂತ ಸುಳ್ಳ ಹೇಳಿದ್ದೆ.”

ತೋಪು ಮೂರು ಬೀಜ. ಮೂರು ತಿಂಗಳ ಉಪ್ಪು. ನೀವೆಲ್ಲ ಹೋಗಿ, ನಾನು ಇಲ್ಲೇ ನಿಂತು ಅವರನ್ನು ತಡೆಯುತ್ತೇನೆ, ಮೂರು ಸಲವಾದರೂ ಸಿಡಿಸುತ್ತೇನೆ ಅಂದ. ಅದು ಶೌರ್ಯವೋ, ತೋಪಿನ ಮೇಲಿನ ಆಸೆಯೋ, ಅವನಿಗೇ ಗೊತ್ತಿರಲಿಲ್ಲ. ನೀಲಗಂಗವ್ವ ಬೈಯಲಿಲ್ಲ ಅನ್ನುತ್ತಾರೆ. ಅವನ ಕಣಜದಲ್ಲಿ ನಾಲ್ಕು ಹೊರೆ ಇದೆ, ಅವನಿಲ್ಲದೆ ನೂರಾಗುವುದಿಲ್ಲ ಅಂತ ಲೆಕ್ಕ ಹೇಳಿದಳು. ಆಮೇಲೆ ಲೆಕ್ಕ ಬಿಟ್ಟು ಇನ್ನೊಂದು ಮಾತು ಹೇಳಿದಳು.

“ನೀ ಇಲ್ಲದ ಕಟ್ಟಿ ಉಳಿಸ್ಕೊಂಡು ನಾ ಏನ ಮಾಡ್ಲೋ? ಬಾ.”

ದಾದಾಪೀರ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದ. ಠಣ್ ಅಲ್ಲ, ಧಡಾರ್! ತೋಪು ಹೋಗಿ ಬಿದ್ದ ಸದ್ದಿಗೆ ಬೋಳುಗುಡ್ಡವೇ ಅಲ್ಲಾಡಿತು ಅನ್ನುತ್ತಾರೆ. ಕಂಡವರು ಅನ್ನುವುದಿಲ್ಲ, ಕಾಣದವರು ಅನ್ನುತ್ತಾರೆ.

ಅದೇ ಹೊತ್ತಿಗೆ ಹನ್ನೊಂದು ಕೆಂಪು ಹಡಗು ಗುಡ್ಡದ ಈಚೆಗೆ ಬಂದವು. ನಮ್ಮವರ ಎಂಜಿನ್ನು ಕಾಯಲು ಇನ್ನೂ ಅರ್ಧ ನಿಮಿಷ ಬೇಕು. ಕವಚಗಳ ಮೇಲೆ ಗುಂಡು ಸಿಡಿಯಿತು. ನೀಲಗಂಗವ್ವನ ಪರದೆ ಕೆಂಪಾಯಿತು, ಕವಚ ಅರ್ಧ ಹೋಯಿತು, ಮುಕ್ಕಾಲು ಹೋಯಿತು. ಆಗ ನೋಡಿ ತಮಾಷೆ. ದರೋಡೆಕೋರರ ಕಣ್ಣಿಗೆ ಆಕಾಶದ ತುಂಬ ಕೋವಿಗಳು ಕಂಡವು! ಹೊಸ ಹೊಳಪಿನ ಇಪ್ಪತ್ತನಾಲ್ಕು ಕೋವಿ, ನಡುವೆ ಮದುಮಗನ ಹಾಗೆ ಒಂದು ತೋಪು. ಬಾಚುವ ಕೈಗಳು ಯಾರ ಅಪ್ಪಣೆಗೂ ಕಾಯಲಿಲ್ಲ, ಚಾಚಿದವು. ಒಂದು ಬಾಚಿತು, ಎರಡು ಬಾಚಿತು. ತೋಪು ನನಗೆ, ನನಗೆ ಅಂತ ಅವರವರಲ್ಲೇ ಕಿತ್ತಾಟ. ಮುಳ್ಳುಹಂದಿ ಬಿಡ್ರೋ, ಬಿಡ್ರೋ ಅಂತ ಕೆಮ್ಮಿ ಕೆಮ್ಮಿ ಕೂಗಿದ. ಯಾರು ಕೇಳುತ್ತಾರೆ? ಕೊನೆಗೆ ತೋಪು ಸಿಕ್ಕಿದ್ದು ಅವನ ಹಡಗಿಗೇ.

ನಮ್ಮವರು ನೆಗೆದರು. ಇಪ್ಪತ್ತೈದು ಚಿಪ್ಪು, ಹನ್ನೆರಡು ಹನ್ನೆರಡು ಬೀಜ, ನಿದ್ದೆಬಾವಿಯ ಅಂಚಿಗೆ ಸರಿಯಾಗಿ ಹೋಗಿ ನಿಂತವು. ಹಿಂದೆಯೇ ದರೋಡೆಕೋರರೂ ನೆಗೆದರು. ಅವರ ಕಣಜ ಈಗ ಗಂಟಲವರೆಗೆ ತುಂಬಿತ್ತು. ಅವರ ಗೆರೆ ಬಾವಿಗೂ ಮುಟ್ಟಲಿಲ್ಲ, ತಮ್ಮದೇ ಕತ್ತರಿದಾರಿಗೂ ಮುಟ್ಟಲಿಲ್ಲ. ಯಾವ ನಕ್ಷತ್ರವೂ ಇಲ್ಲದ ಬಟಾಬಯಲಿನಲ್ಲಿ ಹೋಗಿ ಬಿದ್ದರು. ಮೂರು ದಿನ ಇಂಧನಕ್ಕಾಗಿ ಕೂಗಿಕೊಂಡು ಕೂತಿದ್ದರಂತೆ. ನಾಲ್ಕನೇ ದಿನ ಅವರಿಗೆ ಇಂಧನ ಒಯ್ದು ಕೊಟ್ಟವಳೂ ನೀಲಗಂಗವ್ವನೇ, ಕೊಟ್ಟು ಒಂದು ಗಂಟೆ ಬೈದಳು ಅನ್ನುತ್ತಾರೆ. ಇದನ್ನು ನಾನು ನಂಬುವುದಿಲ್ಲ. ಬೈದದ್ದನ್ನು ಮಾತ್ರ ನಂಬುತ್ತೇನೆ.

ಐದು ಗಂಟೆ ಐವತ್ತೆರಡು ನಿಮಿಷಕ್ಕೆ ಹೊಸಕಟ್ಟೆಯಲ್ಲಿ ಮೊದಲ ಹೊರೆ ಇಳಿಯಿತು. ಐವತ್ತೊಂಬತ್ತಕ್ಕೆ ತೊಂಬತ್ತಾರು. ಕೊನೆಯ ಹಡಗು ದಾದಾಪೀರನದು, ಗಾಬರಿಯಲ್ಲಿ ನಿಲ್ದಾಣದ ಬಾಗಿಲಿಗೆ ಎರಡು ಸಲ ಗುದ್ದಿಕೊಂಡು ಒಳಗೆ ಬಂದ. ತೊಂಬತ್ತೇಳು, ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು! ಊರಿನ ದೀಪಗಳು ಒಮ್ಮೆ ಆರಿದವು. ಆಮೇಲೆ ಒಂದೊಂದಾಗಿ, ಮೊದಲಿಗಿಂತ ಬೆಳ್ಳಗೆ, ಹತ್ತಿಕೊಂಡವು. ರಾಣೆಬೆನ್ನೂರೋ ಗದಗೋ, ಆ ಮನೆಯ ಎರಡನೇ ಅಂತಸ್ತಿನಿಂದ ಎದ್ದ ಕೇಕೆಗೆ ಬೀದಿಯವರು ಹೊರಗೆ ಬಂದು ನೋಡಿದರಂತೆ. ಅವಳು ಎದ್ದು ನಿಂತಿದ್ದಳು. ಕಾಲಿನ ನೋವು ನೆನಪಾದದ್ದು ಆಮೇಲೆ.

ಅವಳನ್ನು ಯಾರೂ ಬೈಯಲಿಲ್ಲ. ಬೈಯಲು ಬಾಯಿ ಇದ್ದವರಾದರೂ ಯಾರು?

ಆಮೇಲೆ ಎಷ್ಟೋ ಕಾಲ ಅವಳು ಕಟ್ಟೆಯಲ್ಲಿದ್ದಳು. ದೊಡ್ಡ ಹಡಗು ಕೊಳ್ಳುವಷ್ಟಾದರೂ ಚಿಪ್ಪು ಬಿಡಲಿಲ್ಲ. ಹೊಸಬರಿಗೆ ಮಣೆ ಹಿಡಿದು ಹೇಳಿಕೊಟ್ಟಳು, ತಪ್ಪಿದವರಿಗೆ ಬೈದಳು, ಅತ್ತವರ ಜೊತೆ ಕೂತಳು. ಒಂದು ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾದಿನಿಯ ಮಗಳು ಬಂದು ಹೇಳಿದಳು. ಅವತ್ತು ಕಟ್ಟೆಯಲ್ಲಿ ಯಾರೂ ಹಡಗು ತೆಗೆಯಲಿಲ್ಲ ಅನ್ನುತ್ತಾರೆ. ದಾದಾಪೀರ ಮೈಕು ತೆರೆದಿಟ್ಟು ಇಡ್ಲಿ ತಟ್ಟೆಗೆ ಒಂದೊಂದೇ ಬೀಜ ಹಾಕುತ್ತಿದ್ದನಂತೆ.

ಅವಳ ಗುಡಿ ಇಲ್ಲ, ಗದ್ದುಗೆ ಇಲ್ಲ. ಆದರೆ ಅವತ್ತಿನಿಂದ ಇವತ್ತಿನವರೆಗೆ ಹೊಸಕಟ್ಟೆಯವರು ಒಟ್ಟಾಗಿ ಎಲ್ಲಿಗೆ ಹೊರಟರೂ ಒಂದು ಪದ್ಧತಿ ನಡೆಯುತ್ತದೆ. ಎಂಜಿನ್ನು ಕಾಯಿಸುವ ಮುನ್ನ ಎಲ್ಲರೂ ಕಟ್ಟೆಯ ಸುತ್ತ ನಿಲ್ಲಬೇಕು. ಹೇಳದೆ ಇಟ್ಟುಕೊಂಡದ್ದನ್ನು ಒಬ್ಬೊಬ್ಬರಾಗಿ ಹೇಳಬೇಕು. ಹೇಳಿದವರನ್ನು ಯಾರೂ ಆಡಿಕೊಳ್ಳುವ ಹಾಗಿಲ್ಲ, ಬೈಯುವ ಹಾಗಿಲ್ಲ. ಕಿರಿಯರನ್ನು ಮೊದಲು ಕೇಳುವ ಹಾಗೂ ಇಲ್ಲ. ಎಲ್ಲರಿಗಿಂತ ಹಿರಿಯರು ಯಾರೋ ಅವರೇ ಮೊದಲು ಬಾಯಿ ಬಿಡಬೇಕು. ನೀಲಗಂಗವ್ವ ಹಾಕಿಕೊಟ್ಟ ದಾರಿ ಇಷ್ಟೇ.

ಇಂಧನ ತುಂಬಿ ಆಯಿತು ನೋಡಿ. ಬನ್ನಿ ಹೊಸಬರೇ, ಸುತ್ತ ನಿಲ್ಲಿ. ಇಲ್ಲಿ ಈಗ ಎಲ್ಲರಿಗಿಂತ ಹಿರಿಯ ನಾನೇ.

ನನ್ನ ಹಿಂದಿನ ಖಾನೆಯಲ್ಲಿ ಒಂದು ಚಿಕ್ಕ ಕೋವಿ ಇದೆ.